ಮೂರ್ನಾಡು ಬರುವುದರೊಳಗೆ

ಕಳೆದ ತಿಂಗಳು ವಿರಾಜಪೇಟೆಯಿಂದ ಮಡಿಕೇರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಕಾಲೇಜು ಹುಡುಗಿ ಕುಳಿತಿದ್ದಳು. ನನ್ನ ಮಡಿಲಿನಲ್ಲಿದ್ದ ಪುಸ್ತಕವನ್ನು ಓರೆಗಣ್ಣಿನಿಂದ ನೋಡುತ್ತಲೇ ಇದ್ದವಳು ಬೇತ್ರಿ ಸೇತುವೆ ದಾಟಿದ ಮೇಲೆ ಧೈರ್ಯ ಮಾಡಿ, "ಮೇಡಂ, ಅದು ಏನು ಕಥೆ?" ಎಂದು ಕೇಳಿದಳು. ಯಾರಾದರೂ ಕೇಳಲಿ ಎಂದು ನಾನು ಇಪ್ಪತ್ತು ವರ್ಷಗಳಿಂದ ಕಾಯುತ್ತಿರುವ ಪ್ರಶ್ನೆ ಅದು. ಕೇಳಿದಾಗ ನನ್ನ ಬಾಯಿಂದ ಬಂದದ್ದು ಇಷ್ಟು: "ವೈಜ್ಞಾನಿಕ ಕಾದಂಬರಿ. ಬೇರೆ ಗ್ರಹದಲ್ಲಿ ನಡೆಯುತ್ತದೆ." ಅವಳು "ಓಹೋ" ಎಂದು ನಕ್ಕು ಕಿಟಕಿಯ ಕಡೆ ತಿರುಗಿದಳು. ಮೂರ್ನಾಡಿನಲ್ಲಿ ಇಳಿದು ಹೋದಳು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಮನೆ ನೋಡಲು ಬಂದವರನ್ನು ಒಳಗೆ ಕರೆಯದೆ ಜಗುಲಿಯಲ್ಲೇ ನಿಲ್ಲಿಸಿ ಪಹಣಿ ಓದಿ ಹೇಳಿದ ಹಾಗಾಯಿತು.

ಅಂದಿನಿಂದ ಅದು ಮನಸ್ಸನ್ನು ಕೊರೆಯುತ್ತಿದೆ. ಪುಸ್ತಕ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್'. 1969ರದ್ದು. ಮೈಸೂರಿನಲ್ಲಿ ಓದುತ್ತಿದ್ದಾಗ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಸಿಕ್ಕಿತು. ಆಮೇಲೆ ಅವರ ಕಾದಂಬರಿಗಳನ್ನು ಒಂದೊಂದಾಗಿ ಹುಡುಕಿ ಓದಿದೆ. ಕೆಲವನ್ನು ಎಷ್ಟು ಸಲ ಕೊಂಡು ಎಷ್ಟು ಜನರಿಗೆ ಕೊಟ್ಟೆ ಎಂಬ ಲೆಕ್ಕ ನನ್ನಲ್ಲಿಲ್ಲ. ಓದು ಒಂಟಿಯಾಗಿ ಮಾಡುವ ಕೆಲಸ ಎಂದು ಹೇಳುವುದನ್ನು ಕೇಳಿದ್ದೇನೆ. ನನ್ನ ಮಟ್ಟಿಗೆ ಅದು ನಿಜವಲ್ಲ. ಒಳ್ಳೆಯ ಪುಟವೊಂದು ಸಿಕ್ಕಿದ ಕೂಡಲೇ ನನಗೆ ಇನ್ನೊಬ್ಬರು ಬೇಕು. ಆ ಪುಟವನ್ನು ಅವರೂ ಓದಿ ಮುಗಿಸುವವರೆಗೆ ಕಾಯುವ ತಾಳ್ಮೆ ಇರುವುದಿಲ್ಲ, ಹೇಳಿಯೇ ಬಿಡಬೇಕು. ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿಗಳು ಬಂದ ಪುಸ್ತಕ ಎಂದು ಹೇಳಿ ನೋಡಿದ್ದೇನೆ. ಅದರಿಂದ ಯಾರಲ್ಲೂ ಓದುವ ಹಸಿವು ಹುಟ್ಟಿದ್ದನ್ನು ಕಂಡಿಲ್ಲ. ಹಾಗಾದರೆ ಹುಟ್ಟಿದ್ದು ಯಾವಾಗ? ನೆನಪು ಮಾಡಿಕೊಂಡರೆ ಎರಡು ಸಂದರ್ಭಗಳು ಕಣ್ಣ ಮುಂದೆ ಬರುತ್ತವೆ. ಎರಡೂ ಮಳೆಗಾಲದವು.

ಒಲೆಯ ಮುಂದೆ ಒಣಗಿದ ಪುಸ್ತಕ

ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ನಮ್ಮ ಕೊಡಗಿನ ಮನೆಗಳಲ್ಲಿ ಬಟ್ಟೆಯ ಬೀರುವಿನೊಳಗೆ ಬಲ್ಬು ಹಾಕಿಡುತ್ತೇವೆ. ನನ್ನ ಪುಸ್ತಕದ ಬೀರುವಿನಲ್ಲೂ ಒಂದು ಉರಿಯುತ್ತಿರುತ್ತದೆ. ಆ ವರ್ಷ ಎಲ್ಲೋ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲ. ಐದನೆಯ ದಿನ ನೋಡಿದರೆ ಪುಸ್ತಕಗಳ ರಟ್ಟಿನ ಮೇಲೆ ಬಿಳಿ ಬೂಷ್ಟು. ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ಅಡುಗೆಮನೆಗೆ ಬಂದೆ. ಚಿಕ್ಕಮ್ಮ ಒಲೆಯ ಮುಂದೆ ಕುಳಿತು ಹಲಸಿನ ಬೀಜ ಸುಡುತ್ತಿದ್ದರು. ಇಬ್ಬರೂ ಒಂದೊಂದು ಪುಸ್ತಕ ಹಿಡಿದು, ಹಪ್ಪಳ ಕಾಯಿಸುವ ಹಾಗೆ, ಪುಟ ಬಿಡಿಸಿ ಬಿಸಿಗೆ ತೋರಿಸತೊಡಗಿದೆವು. ಚಿಕ್ಕಮ್ಮ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಓದುವವರು, ಇಂಗ್ಲಿಷ್ ಓದುವುದಿಲ್ಲ. ಅವರ ಕೈಯಲ್ಲಿ ಬಿಡಿಸಿದ ಪುಟವನ್ನು ನೋಡಿ ನಾನು ಯೋಚಿಸದೆ, "ಇಲ್ಲಿ ಇಬ್ಬರು ಮಂಜುಗಡ್ಡೆಯ ಮೇಲೆ ಗಾಡಿ ಎಳೆದುಕೊಂಡು ಹೋಗುತ್ತಿದ್ದಾರೆ. ಚಕ್ರವಿಲ್ಲದ ಗಾಡಿ. ಸುತ್ತ ಒಂದು ಗಿಡವೂ ಇಲ್ಲ" ಎಂದೆ.

"ತಿನ್ನುವುದಕ್ಕೆ ಎಷ್ಟಿತ್ತು?" ಎಂದು ಚಿಕ್ಕಮ್ಮ ಕೇಳಿದರು.

ಇಷ್ಟು ವರ್ಷಗಳಲ್ಲಿ ಈ ಪುಸ್ತಕದ ಬಗ್ಗೆ ನನ್ನನ್ನು ಯಾರೂ ಕೇಳಿರದ, ಆದರೆ ಕೇಳಲೇಬೇಕಾಗಿದ್ದ ಪ್ರಶ್ನೆ ಅದೇ. ಗೋಬ್ರಿನ್ ಹಿಮದ ಆ ಪ್ರಯಾಣವಿಡೀ ಅಳತೆಯ ಕಥೆ. ಎಸ್ಟ್ರಾವೆನ್ ಎಂಬ, ದೇಶದಿಂದ ಹೊರಹಾಕಲ್ಪಟ್ಟ ಪ್ರಧಾನಿ ಪ್ರತಿ ದಿನ ಎಷ್ಟು ದೂರ, ಪ್ರತಿ ಊಟಕ್ಕೆ ಎಷ್ಟು ತೂಕ ಎಂದು ಲೆಕ್ಕ ಹಾಕಿ ಹೊರಡುತ್ತಾರೆ. ಜೊತೆಗಿರುವುದು ಗೆನ್ಲಿ ಐ, ಬೇರೆ ಲೋಕದಿಂದ ಒಬ್ಬನೇ ಬಂದ ದೂತ. ಅವನನ್ನು ಸೆರೆಮನೆಯಿಂದ ಬಿಡಿಸಿ ತಂದವರು ಎಸ್ಟ್ರಾವೆನ್. ಡೇರೆ ಒಂದು, ಒಲೆ ಒಂದು. ಸೌದೆಯಿಲ್ಲದೆ ಉರಿದು ಬಿಸಿಯನ್ನೂ ಬೆಳಕನ್ನೂ ಕೊಡುವ ಆ ಪುಟ್ಟ ಒಲೆಯನ್ನು ವಿವರಿಸಿದಾಗ ಚಿಕ್ಕಮ್ಮ ತಮ್ಮ ಒಲೆಯ ಹಸಿ ಸೌದೆಯನ್ನು ನೋಡಿ, "ಅದೊಂದು ನಮಗೂ ಬೇಕಿತ್ತು" ಎಂದರು. ಆಮೇಲೆ ನಾನು ಹಿಂದಕ್ಕೆ ಹೋಗಿ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಮೊದಲ ಅಧ್ಯಾಯದಲ್ಲಿ ಮಳೆ, ಮೆರವಣಿಗೆ, ದೊರೆ ಕಮಾನಿನ ನಡುಗಲ್ಲನ್ನು ಕೂರಿಸುವುದು. ಆ ಕಲ್ಲಿಗೆ ಹಾಕುವ ಗಾರೆ ಕೆಂಪು. ಹಿಂದಿನ ಕಾಲದಲ್ಲಿ ಅದಕ್ಕೆ ಮನುಷ್ಯರ ರಕ್ತ ಬೆರೆಸುತ್ತಿದ್ದರು, ಇಲ್ಲದಿದ್ದರೆ ಕಮಾನು ನಿಲ್ಲದು ಎಂಬ ನಂಬಿಕೆ. ನಾನು ವಾಕ್ಯ ಮುಗಿಸುವ ಮೊದಲೇ ಚಿಕ್ಕಮ್ಮ, "ನಮ್ಮ ಭಾಗೀರಥಿಯನ್ನು ಕೆರೆಗೆ ಕೊಟ್ಟ ಹಾಗೆ" ಎಂದರು. ಆ ಅಧ್ಯಾಯವನ್ನು ಐದಾರು ಸಲ ಓದಿದ್ದ ನನಗೆ ಅಲ್ಲಿಯವರೆಗೆ ಆ ಹಾಡು ನೆನಪಾಗಿರಲಿಲ್ಲ.

ಇನ್ನೊಂದು ಜಾಗದಲ್ಲಿ ಅವರು ನನಗೇ ಹೇಳಿಕೊಟ್ಟರು. ಹಿಮದ ಮೇಲೆ ಒಂದು ಬಗೆಯ ಬಿಳಿ ಹವೆ ಕವಿದುಕೊಳ್ಳುತ್ತದೆ. ಬೆಳಕಿದೆ, ಆದರೆ ಎಲ್ಲಿಯೂ ನೆರಳಿಲ್ಲ. ನೆರಳಿಲ್ಲದ್ದರಿಂದ ಮುಂದಿರುವುದು ಸಮತಟ್ಟೋ ಬಿರುಕೋ ತಿಳಿಯದೆ ಕಾಲು ಮುಂದಿಡಲಾಗುವುದಿಲ್ಲ. ನಡೆಯಲು ಬೆಳಕಿನಷ್ಟೇ ಕತ್ತಲೆಯೂ ಬೇಕು ಎಂಬುದು ಪುಸ್ತಕದ ತಿರುಳೇ ಆದ್ದರಿಂದ ನಾನು ಅದನ್ನು ದೊಡ್ಡ ತತ್ವದಂತೆ ವಿವರಿಸಲು ಹೊರಟಿದ್ದೆ. ಚಿಕ್ಕಮ್ಮ ತಡೆದು, ತಾವು ಚಿಕ್ಕವರಿದ್ದಾಗ ಕವಿದ ಮಂಜಿನಲ್ಲಿ ಗುಡ್ಡ ಇಳಿದು ಶಾಲೆಗೆ ಹೋಗುತ್ತಿದ್ದುದನ್ನು ಹೇಳಿದರು. ದಟ್ಟ ಮಂಜಿನಲ್ಲಿ ಕಷ್ಟವಾಗುವುದು ಕಾಣದಿರುವುದಲ್ಲವಂತೆ. ಎಲ್ಲವೂ ಒಂದೇ ಸಮ ಬೆಳ್ಳಗೆ ಕಾಣುವುದರಿಂದ ಇಳಿಜಾರು ಎಲ್ಲಿ ಶುರುವಾಯಿತೆಂದು ಪಾದಕ್ಕೆ ತಿಳಿಯುವುದಿಲ್ಲವಂತೆ. ಅವರು ಬೇಲಿಯ ಗೂಟಗಳನ್ನು ಕೈಯಿಂದ ಮುಟ್ಟಿ ಎಣಿಸುತ್ತ ಇಳಿಯುತ್ತಿದ್ದರಂತೆ. ಈಗ ಆ ಪುಟ ಓದಿದಾಗಲೆಲ್ಲ ಒದ್ದೆ ಗೂಟಗಳು ನನ್ನ ಅಂಗೈಗೆ ತಾಕುತ್ತವೆ.

ಅವನೂ ಅಲ್ಲ, ಅವಳೂ ಅಲ್ಲ

ಓದಿದವರಿಗೆ ಗೊತ್ತಿದೆ, ನಾನು ಇನ್ನೂ ಮುಖ್ಯವಾದದ್ದನ್ನು ಹೇಳಿಲ್ಲ. ಗೆಥೆನ್ ಗ್ರಹದ ಜನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ತಿಂಗಳಲ್ಲಿ ಕೆಲವು ದಿನ ಮಾತ್ರ ಅವರಲ್ಲಿ ಲಿಂಗ ಮೂಡುತ್ತದೆ, ಯಾವುದು ಮೂಡುತ್ತದೆಂದು ಮೊದಲೇ ಹೇಳಲಾಗದು. ಒಬ್ಬರೇ ಒಂದು ಮಗುವಿಗೆ ತಾಯಿ, ಇನ್ನೊಂದಕ್ಕೆ ತಂದೆ ಆಗಬಹುದು. ಇಂಗ್ಲಿಷಿನಲ್ಲಿ ಲೆ ಗ್ವಿನ್ ಇವರೆಲ್ಲರಿಗೂ 'ಅವನು' ಎಂಬ ಸರ್ವನಾಮವನ್ನೇ ಬಳಸಿದರು. ಅದಕ್ಕಾಗಿ ಟೀಕೆಗಳು ಬಂದವು. 1976ರ ಲೇಖನವೊಂದರಲ್ಲಿ ಅವರು ಆ ಆಯ್ಕೆಯನ್ನು ಸಮರ್ಥಿಸಿಕೊಂಡರು. ವರ್ಷಗಳ ನಂತರ ಅದೇ ಲೇಖನಕ್ಕೆ ಟಿಪ್ಪಣಿಗಳನ್ನು ಸೇರಿಸಿ, ತಮ್ಮ ನಿಲುವು ಬದಲಾಗಿದೆ ಎಂದು ಒಪ್ಪಿಕೊಂಡರು. ಅದೇ ಗ್ರಹದ ಕಥೆಯೊಂದನ್ನು 1975ರ ಸಂಕಲನಕ್ಕೆ ಸೇರಿಸುವಾಗ, ದೊರೆಯನ್ನು ದೊರೆಯಾಗಿಯೇ ಉಳಿಸಿ, ಸರ್ವನಾಮವನ್ನು 'ಅವಳು' ಎಂದು ಬದಲಿಸಿದರು. ತಾನು ಬರೆದದ್ದರ ಜೊತೆ ಹೀಗೆ ಬಹಿರಂಗವಾಗಿ ವಾದ ಮಾಡುತ್ತ ಬಂದದ್ದಕ್ಕೇ ಅವರ ಮೇಲಿನ ನನ್ನ ಗೌರವ ಹೆಚ್ಚು.

ಆದರೆ ಒಲೆಯ ಮುಂದೆ ಈ ತೊಡಕು ತಾನಾಗಿಯೇ ಕರಗಿತ್ತು. ಎಸ್ಟ್ರಾವೆನ್ ಪ್ರಧಾನಿ, ಆದ್ದರಿಂದ ಮೊದಲ ಮಾತಿನಿಂದಲೂ ನಾನು 'ಅವರು' ಎಂದೇ ಹೇಳುತ್ತಿದ್ದೆ. ನಮ್ಮ 'ಅವರು'ಗೆ ಗಂಡು, ಹೆಣ್ಣು ಇಲ್ಲ. ಚಿಕ್ಕಮ್ಮ ಅರ್ಧ ಕಥೆ ಕೇಳುವವರೆಗೂ ಎಸ್ಟ್ರಾವೆನ್‌ರನ್ನು ಗಂಡಸು ಎಂದುಕೊಂಡಿದ್ದರೋ ಹೆಂಗಸು ಎಂದುಕೊಂಡಿದ್ದರೋ ನನಗೆ ಗೊತ್ತಿಲ್ಲ, ಆಮೇಲೆ ಕೇಳಿದಾಗ ಅವರಿಗೂ ನೆನಪಿರಲಿಲ್ಲ. ದೊರೆಯ ವಿಷಯ ಬಂದಾಗ ಮಾತ್ರ ತಡವರಿಸಿದೆ. 'ಬಸುರಿ' ಎಂದರೆ ಹೆಣ್ಣಾಗಿಬಿಡುತ್ತದೆ. "ದೊರೆಗಳು ಬಸುರಾಗಿದ್ದಾರೆ" ಎಂದೆ. ಚಿಕ್ಕಮ್ಮ ಸುಡುತ್ತಿದ್ದ ಬೀಜವನ್ನು ಹಾಗೆಯೇ ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ, "ಹಾಗಾದರೆ ಯುದ್ಧಕ್ಕೆ ಹೋಗುವುದು ಕಷ್ಟ" ಎಂದರು. ಗೆಥೆನ್‌ನಲ್ಲಿ ಕೊಲೆ ಇದೆ, ಜಗಳ ಇದೆ, ಯುದ್ಧ ಇಲ್ಲ ಎಂಬುದನ್ನು ನಾನು ಇನ್ನೂ ಹೇಳಿರಲಿಲ್ಲ.

ಕನ್ನಡದಲ್ಲಿ ಎಲ್ಲವೂ ಲಾಭವೇ ಎಂದು ನಾನು ಹೇಳಲಾರೆ. ಗೆನ್ಲಿ ಐ ಬಹಳ ಕಾಲ ಎಸ್ಟ್ರಾವೆನ್‌ರನ್ನು ನಂಬುವುದಿಲ್ಲ. ಗಂಡಸೆಂದು ಭಾವಿಸಿದವರಲ್ಲಿ ಹೆಣ್ಣಿನ ನಯ ಕಂಡಾಗ ಅವನಿಗೆ ಕಸಿವಿಸಿ. ಇಂಗ್ಲಿಷಿನ 'ಅವನು' ಓದುಗರನ್ನೂ ಅದೇ ತಪ್ಪಿನೊಳಗೆ ಕೂರಿಸುತ್ತದೆ. ನನ್ನ ವಿನಯದ 'ಅವರು' ಆ ತಪ್ಪನ್ನು ಆಗಲು ಬಿಡಲೇ ಇಲ್ಲ. ಅದಕ್ಕೇ ಗೆನ್ಲಿಯ ಮನಸ್ಸಿನ ಮಾತು ಬಂದಲ್ಲೆಲ್ಲ 'ಅವನು' ಎಂದು ಬದಲಿಸಿಕೊಂಡೆ. ಇನ್ನೊಂದು, ಇಂಗ್ಲಿಷಿನಲ್ಲಿ ಕಾಣಿಸದೇ ಇರುವ ತೀರ್ಮಾನವನ್ನು ನಾನು ಮಾಡಲೇಬೇಕಾಯಿತು. ಒಂದೇ ಡೇರೆಯಲ್ಲಿ ಅಷ್ಟು ದಿನ ಮಲಗಿದ ಇವರಿಬ್ಬರು 'ನೀವು' ಬಿಟ್ಟು 'ನೀನು' ಎನ್ನತೊಡಗಿದ್ದು ಯಾವ ರಾತ್ರಿ? ಗೆನ್ಲಿಗೆ ಬಾಯಿ ತೆರೆಯದೆ ಮನಸ್ಸಿನಿಂದ ಮನಸ್ಸಿಗೆ ಮಾತಾಡುವ ವಿದ್ಯೆ ಗೊತ್ತು. ಅದನ್ನು ಕಲಿಸಿದಾಗ ಎಸ್ಟ್ರಾವೆನ್‌ಗೆ ಕೇಳಿಸುವುದು ಗೆನ್ಲಿಯ ದನಿಯಲ್ಲ, ಸತ್ತುಹೋದ ತಮ್ಮ ಒಡಹುಟ್ಟಿದವರ ದನಿ. ನಾನು ಅಲ್ಲಿ 'ನೀನು' ಇಟ್ಟೆ. ಚಿಕ್ಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಹೊಗೆ ಎಂದರು. ಲೆ ಗ್ವಿನ್ ಕನ್ನಡದಲ್ಲಿ ಬರೆದಿದ್ದರೆ ಎಲ್ಲಿ ಇಡುತ್ತಿದ್ದರೋ! ಈ ಪುಸ್ತಕವನ್ನು ಮೆಚ್ಚಿದ ಕನ್ನಡದವರು ಯಾರೇ ಸಿಕ್ಕಿದರೂ ನಾನು ಈಗ ಕೇಳುವ ಮೊದಲ ಪ್ರಶ್ನೆ ಇದು. ಪ್ರತಿಯೊಬ್ಬರೂ ಬೇರೆ ಬೇರೆ ಪುಟ ತೋರಿಸುತ್ತಾರೆ.

(ಕೊನೆ ತಿಳಿಯಬಾರದು ಎನ್ನುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಗಡಿಯಲ್ಲಿ ಎಸ್ಟ್ರಾವೆನ್ ಕಾವಲಿನವರ ಬಂದೂಕುಗಳ ಎದುರಿಗೇ ಹಿಮದ ಮೇಲೆ ಜಾರಿಕೊಂಡು ಹೋಗಿ ಸಾಯುತ್ತಾರೆ. ಕೊನೆಯ ಪುಟದಲ್ಲಿ ಗೆನ್ಲಿ ಅವರ ಹುಟ್ಟಿದ ಮನೆಗೆ ಹೋಗುತ್ತಾನೆ. ಅಲ್ಲಿ ಎಸ್ಟ್ರಾವೆನ್‌ರ ಹರೆಯದ ಮಗು ಕೇಳುತ್ತದೆ: ಅವರು ಸತ್ತದ್ದು ಹೇಗೆ ಹೇಳುವಿರಾ, ನಕ್ಷತ್ರಗಳ ನಡುವಿನ ಬೇರೆ ಲೋಕಗಳ ಕಥೆ ಹೇಳುವಿರಾ ಎಂದು. ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ. "ಹೇಳಿದನೋ ಇಲ್ಲವೋ?" ಎಂದರು ಚಿಕ್ಕಮ್ಮ. ಪುಸ್ತಕದಲ್ಲಿಲ್ಲ ಎಂದೆ. "ಹೇಳದೆ ಇರುತ್ತಾನಾ? ಅಷ್ಟು ದೂರ ಹೋದವನು," ಎಂದು ಬೂದಿಯೊಳಗಿನಿಂದ ಬೀಜಗಳನ್ನು ಕೆದಕಿ ತೆಗೆದರು.

ದೊಡ್ಡಪ್ಪನ ಪೆನ್ಸಿಲ್

ಮೆಚ್ಚಿದ ಪುಸ್ತಕವನ್ನು ಮೆಚ್ಚದವರ ಕೈಗೂ ಕೊಡಬೇಕು. ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನನ್ನ ದೊಡ್ಡಪ್ಪ ಇಂಗ್ಲಿಷ್ ಓದುಗರು. ಆದರೆ ಕಟ್ಟುಕಥೆಗಿಂತ ವರದಿಯನ್ನು ನಂಬುವವರು. ಅವರಿಗೆ 'ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್' ಕೊಟ್ಟೆ. 1972ರಲ್ಲಿ, ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ ಪ್ರಕಟವಾದ ಕಿರುಕಾದಂಬರಿ. ಭೂಮಿಯಲ್ಲಿ ಮರ ಮುಗಿದುಹೋಗಿದೆ. ಮನುಷ್ಯರು ಅಥ್ಶೆ ಎಂಬ ಗ್ರಹಕ್ಕೆ ಹೋಗಿ ಅಲ್ಲಿನ ಕಾಡು ಕಡಿದು ನಾಟಾ ಸಾಗಿಸುತ್ತಾರೆ, ಅಲ್ಲಿನ ಪುಟ್ಟ ಹಸಿರು ಜನರನ್ನು ದುಡಿಸಿಕೊಳ್ಳುತ್ತಾರೆ. ಆ ಜನರ ಭಾಷೆಯಲ್ಲಿ ಕಾಡಿಗೂ ಜಗತ್ತಿಗೂ ಒಂದೇ ಪದ. ದೇವರಿಗೂ ಅನುವಾದ ಮಾಡುವವರಿಗೂ ಒಂದೇ ಪದ. ದೈವಾರಾಧನೆಯ ತೆರೆಯ ರಾತ್ರಿ ದೈವ ಮನುಷ್ಯರ ಬಾಯಿಂದ ನುಡಿಯುವುದನ್ನು ಕೇಳುತ್ತ ಬೆಳೆದ ನನಗೆ ಆ ಎರಡನೆಯದು ವಿಚಿತ್ರ ಎನ್ನಿಸಲಿಲ್ಲ. ಮೊದಲನೆಯದೂ ಅಷ್ಟೇ. 1,200ಕ್ಕೂ ಹೆಚ್ಚು ದೇವರಕಾಡುಗಳಿರುವ ಜಿಲ್ಲೆ ನಮ್ಮದು.

ದೊಡ್ಡಪ್ಪ ಹದಿನೈದು ದಿನ ಬಿಟ್ಟು ಪುಸ್ತಕ ಮರಳಿಸಿದರು. ಅಂಚುಗಳ ತುಂಬ ಪೆನ್ಸಿಲ್ ಬರಹ, ಎಲ್ಲವೂ ತಕರಾರು. ಜಗುಲಿಯಲ್ಲಿ ಕುಳಿತು ಒಂದೊಂದನ್ನೇ ಓದಿ ವಾದಿಸಿದರು. ಅವರ ಮುಖ್ಯ ಸಿಟ್ಟು ಕಾಡು ಕಡಿಸುವ ಕ್ಯಾಪ್ಟನ್ ಡೇವಿಡ್‌ಸನ್ ಮೇಲೆ, ಅಂದರೆ ಅವನನ್ನು ಬರೆದ ರೀತಿಯ ಮೇಲೆ. "ಇಷ್ಟು ಕೆಟ್ಟವನನ್ನು ನಾನು ಮೂವತ್ತು ವರ್ಷದ ಸರ್ವಿಸಿನಲ್ಲಿ ನೋಡಿಲ್ಲ. ಮರ ಕಡಿದವರಿಗೆ ಮಗಳ ಮದುವೆ ಇರುತ್ತಿತ್ತು, ಬ್ಯಾಂಕಿನ ಸಾಲ ಇರುತ್ತಿತ್ತು. ತೋಟದಲ್ಲಿ ಕಾಡುಮರ ಇದ್ದರೆ ಅದರ ಮೇಲಿನ ಹಕ್ಕು ಯಾರದು, ಸರ್ಕಾರಕ್ಕೆ ಹಣ ಕಟ್ಟಿ ರಿಡೀಮ್ ಮಾಡಿಸಿಕೊಂಡದ್ದೋ ಇಲ್ಲವೋ ಎಂದು ಅಲೆಯಬೇಕು. ಸಿಲ್ವರ್ ಓಕ್ ನೆಟ್ಟರೆ ಆ ಗೋಜಿಲ್ಲ, ಮೆಣಸು ಹಬ್ಬಿಸಬಹುದು, ಬೇಕಾದಾಗ ಕಡಿಯಬಹುದು. ಹೀಗೆ ಕಾಡು ಹೋಗುವುದು. ಕೆಟ್ಟವನೊಬ್ಬ ಬಂದು ಕಡಿದ ಎಂದು ಬರೆದರೆ ಉಳಿದವರೆಲ್ಲ ಕೈ ತೊಳೆದುಕೊಂಡ ಹಾಗಾಗುತ್ತದೆ." ನಾನು ಉತ್ತರಕ್ಕೆ ಲೆ ಗ್ವಿನ್ ಆಮೇಲೆ ಬರೆದ ಮುನ್ನುಡಿಯನ್ನು ತೋರಿಸಿದೆ. ಡೇವಿಡ್‌ಸನ್ ಅಪ್ಪಟ ಕೇಡಿಗ, ಅಂಥವರು ಇರುತ್ತಾರೆಂದು ಎಚ್ಚರದ ಮನಸ್ಸಿನಲ್ಲಿ ತಾನು ನಂಬುವುದಿಲ್ಲ, ಆದರೆ ತನ್ನ ಒಳಮನಸ್ಸು ಬೇರೆಯೇ ಹೇಳುತ್ತದೆ ಎಂದು ಅವರೇ ಬರೆದಿದ್ದಾರೆ. ದೊಡ್ಡಪ್ಪ ಅದನ್ನು ಎರಡು ಸಲ ಓದಿದರು. "ಒಪ್ಪಿಕೊಂಡಿದ್ದಾರಲ್ಲ, ಸರಿ" ಎಂದರು. ತಕರಾರನ್ನೇನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನಗೂ ಇಂದು ಅವರ ಮಾತೇ ಹೆಚ್ಚು ಸರಿ ಎನ್ನಿಸುತ್ತದೆ. ಆದರೂ ಆ ಪುಸ್ತಕವನ್ನು ನಾನು ಪ್ರೀತಿಸುತ್ತೇನೆ.

ಲೆ ಗ್ವಿನ್ ತೀರಿಕೊಂಡದ್ದು 2018ರ ಜನವರಿ 22ರಂದು. ಅದೇ ವರ್ಷ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದವು. ಆ ದಿನಗಳನ್ನು ಇಲ್ಲಿ ವಿವರಿಸುವುದಿಲ್ಲ, ನಮ್ಮಲ್ಲಿ ಯಾರಿಗೂ ಅದು ಬೇಕಾಗಿಲ್ಲ. ಮಳೆ ನಿಂತ ಮೇಲೆ ದೊಡ್ಡಪ್ಪ ಫೋನ್ ಮಾಡಿ ಆ ಕಾಡಿನ ಪುಸ್ತಕವನ್ನು ಇನ್ನೊಮ್ಮೆ ಕೊಡು ಎಂದರು. ಮತ್ತೆ ನನ್ನ ಕೈಗೆ ಬಂದಾಗ ಹೊಸ ತಕರಾರು ಒಂದೂ ಇರಲಿಲ್ಲ. ಒಂದೇ ಕಡೆ, ಮನುಷ್ಯರು ತಮ್ಮ ಲೋಕಕ್ಕೆ ಇಟ್ಟುಕೊಂಡ ಹೆಸರಿನ ಅರ್ಥ ಮಣ್ಣು, ಅಥ್ಶೆಯವರು ಇಟ್ಟುಕೊಂಡದ್ದರ ಅರ್ಥ ಕಾಡು ಎಂಬ ಮಾತು ಬರುವಲ್ಲಿ, ಅಡಿಗೆರೆ ಎಳೆದಿದ್ದರು. ಅದರ ಬಗ್ಗೆ ಅವರು ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ನೋಡುವವರು, ನೋಡಿಸಿಕೊಳ್ಳುವವರು

ನಮ್ಮವರು ಈ ಲೇಖಕಿಯನ್ನು ಇಷ್ಟು ಬೇಗ ಒಳಗೆ ಬಿಟ್ಟುಕೊಳ್ಳುವುದೇಕೆ ಎಂದು ಯೋಚಿಸಿದ್ದೇನೆ. ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು. ಕ್ಯಾಲಿಫೋರ್ನಿಯಾದ ಯಾಹಿ ಜನರಲ್ಲಿ ಕೊನೆಗೆ ಉಳಿದ ಇಶಿ ಎಂಬಾತ 1911ರಲ್ಲಿ ಕಾಡಿನಿಂದ ಹೊರಬಂದಾಗ ಅವನೊಡನೆ ಕೆಲಸ ಮಾಡಿದವರಲ್ಲಿ ಒಬ್ಬರು. ತಾಯಿ ಥಿಯೊಡೊರಾ ಇಶಿಯ ಬದುಕನ್ನು ಪುಸ್ತಕವಾಗಿ ಬರೆದರು. ಇಂಥ ಮನೆಯಲ್ಲಿ 1929ರಲ್ಲಿ ಹುಟ್ಟಿದ ಮಗಳು ಯಾವುದೇ ಹೊಸ ಲೋಕ ಕಟ್ಟುವಾಗ ಮೊದಲು ಕೇಳುವುದು ಅಲ್ಲಿನ ಯಂತ್ರ ಯಾವುದು ಎಂದಲ್ಲ. ಯಾರು ಯಾರಿಗೆ ಸಂಬಂಧ, ಏನು ತಿನ್ನುತ್ತಾರೆ, ಯಾವುದಕ್ಕೆ ನಾಚುತ್ತಾರೆ ಎಂದು. ನಾವೋ, ಬರೆಯಲು ಬಂದವರನ್ನು ತಲೆಮಾರುಗಳಿಂದ ಕಂಡವರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದ ಗ್ರಂಥ ಬಂದದ್ದೇ 1952ರಲ್ಲಿ. ಒಳ್ಳೆಯ ಪುಸ್ತಕ. ಆದರೂ ನೋಟ್‌ಬುಕ್ ಹಿಡಿದು ಬಂದವರು ಎದುರಿಗಿರುವವರನ್ನು ಎಲ್ಲಿ ತಪ್ಪಾಗಿ ಓದಬಹುದು ಎಂಬುದು, ಓದಿಸಿಕೊಂಡ ಊರಿನವರಿಗೆ ಬೇಗ ಕಾಣುತ್ತದೆ. ಗೆನ್ಲಿ ಐ ವರದಿ ಬರೆಯುವವನು. ಅವನ ತಪ್ಪುಗಳನ್ನು ನಾನು ಗೆಥೆನ್‌ನವರ ಕಡೆಯಿಂದ ಓದುತ್ತೇನೆ.

'ದಿ ಡಿಸ್‌ಪೊಸೆಸ್ಡ್' ಬಗ್ಗೆ ಬರೆಯತೊಡಗಿದರೆ ಇದು ಮುಗಿಯುವುದಿಲ್ಲ. ಒಂದೇ ಮಾತು ಹೇಳುತ್ತೇನೆ. 1974ರ ಆ ಕಾದಂಬರಿಯಲ್ಲಿ ಬರುವ ಲೋಕ ಅನಾರೆಸ್‌ನಲ್ಲಿ ಸ್ವಂತ ಆಸ್ತಿ ಇಲ್ಲ. ಭಾಷೆಯಲ್ಲೂ 'ನನ್ನ' ಎಂಬುದನ್ನು ಜನ ಆದಷ್ಟು ಬಿಡುತ್ತಾರೆ. ಪುಟ್ಟ ಮಕ್ಕಳು 'ನನ್ನ ಅಮ್ಮ' ಎಂದರೂ ಬೇಗನೇ ಅದನ್ನು ಬಿಟ್ಟು ಬರಿದೇ 'ಅಮ್ಮ' ಎನ್ನಲು ಕಲಿಯುತ್ತಾರೆ. ಇಂಗ್ಲಿಷಿನಲ್ಲಿ ಓದುವಾಗ ಇದು ಕಠಿಣ ವ್ರತದಂತೆ ಕಾಣುತ್ತದೆ. ನಾವಾದರೋ ಒಬ್ಬರೇ ಮಕ್ಕಳಾಗಿದ್ದರೂ 'ನಮ್ಮಮ್ಮ' ಎನ್ನುತ್ತೇವೆ.

ಮತ್ತೆ ಅದೇ ಬಸ್ಸು

ಮೊನ್ನೆ ಶನಿವಾರ ವಿರಾಜಪೇಟೆ ನಿಲ್ದಾಣದಲ್ಲಿ ಅದೇ ಹುಡುಗಿ ಸಿಕ್ಕಿದಳು. ಅವಳಿಗೆ ನನ್ನ ಗುರುತು ಹತ್ತಿತು, ಪಕ್ಕದಲ್ಲೇ ಕುಳಿತಳು. ಈ ಸಲ ನನ್ನ ಕೈಯಲ್ಲಿ ಪುಸ್ತಕ ಇರಲಿಲ್ಲ, ಅವಳೂ ಕೇಳಲಿಲ್ಲ. ನಾನೇ ಶುರು ಮಾಡಿದೆ. "ಅವತ್ತು ನೀನು ಕೇಳಿದೆಯಲ್ಲ, ಆ ಕಥೆಯಲ್ಲಿ ಇಬ್ಬರು ಮಂಜುಗಡ್ಡೆಯ ಮೇಲೆ ಗಾಡಿ ಎಳೆದುಕೊಂಡು ಹೋಗುತ್ತಿರುತ್ತಾರೆ. ಚಕ್ರವಿಲ್ಲದ ಗಾಡಿ. ಇರುವ ಊಟ ದಾರಿ ಮುಗಿಯುವ ಮೊದಲೇ ಮುಗಿಯಬಹುದು." ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದಳು. ಬೇತ್ರಿಯ ಹೊತ್ತಿಗೆ ಡೇರೆ ಹಾಕಿದ್ದೆವು. ಒಬ್ಬರನ್ನು 'ಅವರು' ಎಂದು, ಇನ್ನೊಬ್ಬನನ್ನು 'ಅವನು' ಎಂದು ಹೇಳುವುದೇಕೆ ಎಂದು ಅವಳು ಕೇಳಿದಳು. ಬಿಳಿ ಹವೆಯವರೆಗೆ ಬಂದೆವು. ನೆರಳಿಲ್ಲದೆ ಇಬ್ಬರೂ ನಿಂತಿದ್ದಾರೆ, ಒಬ್ಬರ ಕಾಲು ಬಿರುಕಿನ ಅಂಚಿನಲ್ಲಿದೆ. ಅಷ್ಟರಲ್ಲಿ ಕಂಡಕ್ಟರ್ ಮೂರ್ನಾಡು ಎಂದು ಕೂಗಿದರು. ಅವಳು ಬ್ಯಾಗು ಹಿಡಿದು ಎದ್ದು, ಬಾಗಿಲವರೆಗೆ ಹೋಗಿ, ಹಿಂದಿರುಗಿ ನೋಡಿದಳು. ಇಳಿದ ಮೇಲೆ ಕಿಟಕಿಯ ಹತ್ತಿರ ಬಂದು ಏನೋ ಕೇಳಿದಳು. ಬಸ್ಸು ಹೊರಟಿತ್ತು, ಮಳೆಗೆ ಗಾಜು ಇಳಿಸಿತ್ತು. ಅವಳ ಕೈ ಮಾತ್ರ ಕಾಣಿಸಿತು, ಹಗ್ಗ ಎಳೆಯುವವರಂತೆ.